ಉಪ್ಪಿನಕಾಯಿ ಸೋರದಂತೆ ಪರದೇಶಕ್ಕೆ ಕಟ್ಟುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಗನೋ ಮಗಳೋ ಅಮೆರಿಕ, ಜರ್ಮನಿ ಅಂತ ಹೋಗದಿರುವ ಮನೆಯನ್ನು ಹುಡುಕಬೇಕು. ಭಟ್ಕಳದವರಿಗೆ ದುಬೈ ಪಕ್ಕದ ಊರು. ಇಷ್ಟು ಜನ ಹೋಗಿ ಬರುತ್ತಿದ್ದರೂ ಅಪ್ಪೆಮಿಡಿ, ಅಂದರೆ ಘಮದ ಎಳೆ ಮಾವಿನಕಾಯಿಯ ಉಪ್ಪಿನಕಾಯಿಯನ್ನು ಪೆಟ್ಟಿಗೆಯಲ್ಲಿ ಕಟ್ಟುವ ಕ್ರಮ ಮಾತ್ರ ನಮ್ಮವರ ಕೈಗೆ ಇನ್ನೂ ಹತ್ತಿಲ್ಲ. ಹಳೆಯ ಗಾಜಿನ ಬಾಟಲಿಗೆ ಕಂಠಮಟ್ಟ ತುಂಬುತ್ತಾರೆ, ಮುಚ್ಚಳ ತಿರುಗಿಸುತ್ತಾರೆ, ಮೇಲೊಂದು ಅಂಗಡಿಯ ಪ್ಲಾಸ್ಟಿಕ್ ಚೀಲ ಸುತ್ತಿ ಸುತಳಿ ಬಿಗಿದು ‘ಏನೂ ಆಗುವುದಿಲ್ಲ, ತೆಗೆದುಕೊಂಡು ಹೋಗು’ ಎನ್ನುತ್ತಾರೆ. ಎಲ್ಲ ಆಗುತ್ತದೆ. ಫ್ರಾಂಕ್‌ಫರ್ಟಿನಲ್ಲಿ ಪೆಟ್ಟಿಗೆ ತೆರೆದಾಗ ಮದುವೆಯ ರೇಷ್ಮೆ ಸೀರೆ ಸಾಸಿವೆಯ ವಾಸನೆ ಹೊಡೆಯುತ್ತಿರುತ್ತದೆ.

ಕಟ್ಟುವ ಮೊದಲು ಬಿಡಬೇಕಾದ್ದನ್ನು ಬಿಡಿ. ಪಟ್ಟಿ ಮಾಡುವಾಗ ಅಜ್ಜಿಯ ಆಸೆಗಿಂತ ಇಳಿಯುವ ದೇಶದ ಕಾನೂನು ಮುಂದಿರಲಿ. ಐರೋಪ್ಯ ಒಕ್ಕೂಟದ ದೇಶಗಳಿಗೆ ನಮ್ಮಲ್ಲಿಂದ ಹೋಗುವವರು ಹಾಲಿನ ಪದಾರ್ಥಗಳನ್ನಾಗಲಿ ಮಾಂಸವನ್ನಾಗಲಿ ಒಯ್ಯುವಂತಿಲ್ಲ. ತುಪ್ಪ, ಪೇಡೆ ಮನೆಯಲ್ಲೇ ಉಳಿಯಲಿ. ಅಮೆರಿಕಕ್ಕೆ ಹಸಿ ಕರಿಬೇವು ನಿಷಿದ್ಧ. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ ಗಿಡ, ಅದರ ಎಲೆಯಲ್ಲಿ ಕೂತು ಬರುವ ಪುಟ್ಟ ಕೀಟ ಕಿತ್ತಳೆ ತೋಟಗಳಿಗೆ ಗ್ರೀನಿಂಗ್ ರೋಗ ಹಚ್ಚುತ್ತದೆ ಎಂಬುದು ಅವರ ಭಯ. ಭಯ ಸುಳ್ಳಲ್ಲ. ಯುಎಇ ಮತ್ತು ಸೌದಿ ಅರೇಬಿಯಕ್ಕೆ ಗಸಗಸೆಯ ಒಂದು ಕಾಳೂ ಬೇಡ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಪೊಟ್ಟಣದ ಗಸಗಸೆಯನ್ನು ಎಲ್ಲರೂ ನೆನಪಿಟ್ಟು ತೆಗೆಯುತ್ತಾರೆ, ಮನೆಯಲ್ಲಿ ಹುರಿದು ಪುಡಿ ಮಾಡಿದ ಮಸಾಲೆಗೆ ಅದು ಬಿದ್ದಿದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಿ. ದುಬೈಗೆ ಕವಳದ ಸಂಚಿಯೂ ಬೇಡ, ವೀಳ್ಯದೆಲೆ ಅಲ್ಲಿನ ನಿಷೇಧದ ಪಟ್ಟಿಯಲ್ಲಿದೆ.

ಕುಮಟಾ, ಹೊನ್ನಾವರದ ಕಡೆಯವರಿಗೆ ಹೆಚ್ಚು ಬೇಸರ ತರುವುದು ಒಣ ಕೊಬ್ಬರಿ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂದು ಅದನ್ನು ವಿಮಾನದ ಅಪಾಯಕಾರಿ ಸರಕುಗಳ ಪಟ್ಟಿಗೆ ಸೇರಿಸಿದ್ದಾರೆ. ತಪಾಸಣೆಯ ಹುಡುಗನ ಜೊತೆ ಇದಕ್ಕಾಗಿ ವಾದ ಮಾಡುವವರನ್ನು ನೋಡಿದ್ದೇನೆ. ಕೊಬ್ಬರಿಯೂ ಹೋಗುತ್ತದೆ, ಹೊತ್ತೂ ಹೋಗುತ್ತದೆ.

ಇನ್ನು ಉಪ್ಪಿನಕಾಯಿ. ಹೊರಡುವ ಎರಡು ದಿನ ಮೊದಲೇ ಕೈ ಹಚ್ಚಿ, ಬಸ್ಸಿನ ಹೊತ್ತಿಗೆ ಮಾಡುವ ಕೆಲಸವಲ್ಲ.

ಮೊದಲನೆಯದು ಆಯ್ಕೆ. ಈ ವರ್ಷ ಹಾಕಿದ ಹೊಸ ಉಪ್ಪಿನಕಾಯಿ ಬೇಡ. ಅದು ಒಳಗೊಳಗೇ ಹುದುಗುತ್ತಿರುತ್ತದೆ, ಗಾಳಿ ಹುಟ್ಟಿಸುತ್ತದೆ, ಮುಚ್ಚಳ ದೂಡುತ್ತದೆ. ಮಿಡಿ ಪೂರ್ತಿ ಚಿರುಟಿ, ಖಾರ ಹಿಡಿದು, ಕನಿಷ್ಠ ಒಂದು ಮಳೆಗಾಲ ಕಳೆದ ಭರಣಿಯನ್ನೇ ತೆಗೆಯಿರಿ. ಹೆಸರುವಾಸಿ ತಳಿಯಾದ ಅನಂತಭಟ್ಟನ ಅಪ್ಪೆಯೇ ಇರಲಿ, ಹಿತ್ತಲಿನ ಹೆಸರಿಲ್ಲದ ಮರದ ಮಿಡಿಯೇ ಇರಲಿ, ಈ ಮಾತು ಎರಡಕ್ಕೂ ಒಂದೇ.

ಎರಡನೆಯದು ರಸ ಇಳಿಸುವುದು. ಬಹಳ ಜನ ಎಡವುವುದು ಇಲ್ಲಿ. ಸೋರುವುದು ಮಿಡಿಯಲ್ಲ, ಅದರ ಸುತ್ತಲಿನ ತೆಳ್ಳಗಿನ ಉಪ್ಪುನೀರು. ಮಿಡಿಗಳನ್ನು ಒಣಗಿದ ಸ್ಟೀಲ್ ಜಾಲರಿಯಲ್ಲಿ ಅರ್ಧ ತಾಸು ಹಾಗೇ ಬಿಡಿ. ಅಡಿಗೆ ಇಳಿದದ್ದನ್ನು ಭರಣಿಗೇ ಮರಳಿಸಿ, ಜಾಲರಿಯಲ್ಲಿ ನಿಂತ ಮಂದ ಖಾರದ ಸಮೇತ ಮಿಡಿಗಳನ್ನು ಕಟ್ಟಿ. ‘ರಸ ಇಲ್ಲದಿದ್ದರೆ ಕೆಟ್ಟೀತು’ ಎಂದು ಹಿರಿಯರು ಗದರಿಸುತ್ತಾರೆ. ಒಂದು ವಾರದಲ್ಲಿ ಫ್ರಿಜ್ ಸೇರುವ ವಸ್ತು ಅದು, ಕೆಡುವುದಿಲ್ಲ. ಮೇಲೆ ಎಣ್ಣೆ ಹೊಯ್ಯುವ ಉಪಾಯವನ್ನೂ ನಾನು ಒಪ್ಪುವುದಿಲ್ಲ. ಸಂದು ಸಿಕ್ಕಿದರೆ ಎಲ್ಲಕ್ಕಿಂತ ಮೊದಲು ಹೊರಬರುವುದೇ ಎಣ್ಣೆ, ಬಟ್ಟೆಯಿಂದ ಕೊನೆಗೆ ಹೋಗುವುದೂ ಅದೇ.

ಮೂರನೆಯದು ಚೀಲಕ್ಕೆ ತುಂಬುವುದು. ದಪ್ಪನೆಯ, ಶಾಖಕ್ಕೆ ಅಂಟುವ ಆಹಾರ ದರ್ಜೆಯ ಚೀಲ ತನ್ನಿ. ಚೀಲದ ಬಾಯನ್ನು ಅಂಗಿಯ ತೋಳು ಮಡಚಿದಂತೆ ನಾಲ್ಕು ಬೆರಳು ಹೊರಕ್ಕೆ ಮಡಚಿ, ಆಮೇಲೆ ಚಮಚದಿಂದ ಮಿಡಿ ಇಳಿಸಿ. ಈ ಮಡಚುವಿಕೆಯಲ್ಲೇ ಗುಟ್ಟು ಇರುವುದು. ತುಂಬಿದ ಮೇಲೆ ಮಡಿಕೆ ಬಿಚ್ಚಿದರೆ ಬಾಯಿಯ ಒಳಭಾಗ ಒಣಗಿ ಸ್ವಚ್ಛವಾಗಿ ಸಿಗುತ್ತದೆ. ಅಲ್ಲಿ ಖಾರದ ಒಂದು ಗೆರೆ, ಸಾಸಿವೆಯ ಅರ್ಧ ಹೋಳು ಉಳಿದರೂ ಪ್ಲಾಸ್ಟಿಕ್ ಕೂಡುವುದಿಲ್ಲ. ಕೂಡಿದಂತೆ ಕಾಣುತ್ತದೆ ಅಷ್ಟೆ. ಬೆರಳಿಗೆ ಒಣ ಬಟ್ಟೆ ಸುತ್ತಿ ಒಳಗಿನಿಂದ ಒಮ್ಮೆ ಒರೆಸಿ, ಚೀಲವನ್ನು ಮೇಜಿನ ಅಂಚಿಗೆ ಒತ್ತಿ ಗಾಳಿಯನ್ನೆಲ್ಲ ಹೊರದೂಡಿ, ಆಮೇಲೆ ಸೀಲು ಹಾಕಿ. ಒಂದು ಗೆರೆ ಸಾಲದು. ಒಂದು ಬೆರಳು ಅಂತರದಲ್ಲಿ ಎರಡು ಗೆರೆ. ಸೀಲಿಂಗ್ ಯಂತ್ರ ಕೊಳ್ಳುವ ಅಗತ್ಯವಿಲ್ಲ, ಹಪ್ಪಳ ಚಿಪ್ಸ್ ಮಾರುವವರ ಬಳಿ ಇರುತ್ತದೆ, ಕೇಳಿದರೆ ಹಾಕಿಕೊಡುತ್ತಾರೆ. ಮೇಣದಬತ್ತಿಯ ಉರಿಗೆ ಚೀಲದ ಅಂಚು ಹಿಡಿಯುವ ಹಳೆಯ ವಿದ್ಯೆಯನ್ನು ಅವಲಕ್ಕಿಗೆ ಇಟ್ಟುಕೊಳ್ಳಿ.

ಗಾಳಿ ತೆಗೆಯಬೇಕೆನ್ನುವುದಕ್ಕೆ ಕಾರಣವಿದೆ. ವಿಮಾನ ಹಾರುವಾಗ ಪ್ರಯಾಣಿಕರ ಕೋಣೆಯಲ್ಲೂ ಸರಕಿನ ಗೂಡಿನಲ್ಲೂ ಇರುವುದು ನೆಲದ ಮೇಲಿನ ಒತ್ತಡವಲ್ಲ, 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. ಸಮುದ್ರಮಟ್ಟದಲ್ಲಿ ಮೂರು ಪಾಲಿದ್ದ ಗಾಳಿ ಅಲ್ಲಿ ಹೆಚ್ಚುಕಡಿಮೆ ನಾಲ್ಕು ಪಾಲಾಗಿ ಉಬ್ಬುತ್ತದೆ. ಅರ್ಧ ಖಾಲಿ ಬಾಟಲಿ ಉಕ್ಕುವುದು ಹೀಗೆ. ಹಾಗೆಂದು ವ್ಯಾಕ್ಯೂಮ್ ಯಂತ್ರದವನ ಬಳಿ ಹೋಗಬೇಡಿ. ಒದ್ದೆ ಪದಾರ್ಥವಿದ್ದರೆ ಅದು ಗಾಳಿಯ ಜೊತೆ ಖಾರವನ್ನೂ ಸೀಲಿನ ಗೆರೆಗೆ ಎಳೆದು ತರುತ್ತದೆ.

ಸೀಲಾದ ಚೀಲವನ್ನು ಇನ್ನೊಂದು ಚೀಲಕ್ಕೆ ತಲೆಕೆಳಗಾಗಿ ಇಳಿಸಿ ಅದಕ್ಕೂ ಸೀಲು ಹಾಕಿ. ಈಗ ಪರೀಕ್ಷೆ: ಹಳೆಯ ಪತ್ರಿಕೆಯ ಮೇಲೆ ಮಲಗಿಸಿ, ಮೇಲೆ ಒಂದು ದಪ್ಪ ಪುಸ್ತಕ ಹೇರಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಗುಂಡುಸೂಜಿಯ ತಲೆಯಷ್ಟು ಹಳದಿ ಕಂಡರೂ ಬಿಚ್ಚಿ ಮತ್ತೆ ಕಟ್ಟಿ. ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ 400 ಕಿಲೋಮೀಟರು, ಗೋವಾದಿಂದ ಹಾರುವವರಿಗೆ ದೇವಿಮನೆ ಘಟ್ಟದ ತಿರುವುಗಳು. ಎಷ್ಟೋ ಉಪ್ಪಿನಕಾಯಿಗಳು ವಿಮಾನ ನೋಡುವ ಮೊದಲೇ ಸೋರಿರುತ್ತವೆ.

ಪಾಸಾದ ಚೀಲವನ್ನು ಅಗಲ ಬಾಯಿಯ, ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಡಬ್ಬಿಯ ಕೆಲಸ ಸೋರಿಕೆ ತಡೆಯುವುದಲ್ಲ, ಮೇಲೆ ಬೀಳುವ ಪೆಟ್ಟಿಗೆಗಳ ಭಾರ ತಡೆಯುವುದು. ಕಂದು ಬಣ್ಣದ ಪ್ಯಾಕಿಂಗ್ ಟೇಪು ಸುತ್ತುವುದು ದಂಡ, ಖಾರದ ಎಣ್ಣೆ ತಾಗಿದರೆ ಅದರ ಅಂಟು ಬಿಟ್ಟುಕೊಡುತ್ತದೆ. ನಲ್ಲಿ ಪೈಪಿಗೆ ಹಚ್ಚುವ ಗಟ್ಟಿ ಅಂಟನ್ನು ಮುಚ್ಚಳಕ್ಕೆ ಮೆತ್ತಿ ಕಳಿಸುವ ಶೂರರೂ ಇದ್ದಾರೆ. ಅದನ್ನು ತೆಗೆಯಲು ಆಚೆ ದೇಶದಲ್ಲಿ ಗರಗಸ ಬೇಕಾಗುತ್ತದೆ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ‘ಮ್ಯಾಂಗೋ ಪಿಕಲ್’ ಎಂದು ದೊಡ್ಡದಾಗಿ ಬರೆಯಿರಿ. ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯ ನಟ್ಟನಡುವೆ ಇಡಿ.

ಕೈಚೀಲದಲ್ಲಿ ಉಪ್ಪಿನಕಾಯಿ ಬೇಡವೇ ಬೇಡ. 100 ಮಿಲಿಲೀಟರ್ ದಾಟಿದ ದ್ರವ ಒಳಗೆ ಹೋಗುವುದಿಲ್ಲ ಎಂಬ ನಿಯಮಕ್ಕೆ ಚಟ್ನಿ, ಜೋನಿಬೆಲ್ಲ (ನೀರುಬೆಲ್ಲ) ಎಲ್ಲವೂ ಸಿಕ್ಕಿಬೀಳುತ್ತವೆ. ಜೋನಿಬೆಲ್ಲದ ವಿಷಯದಲ್ಲಿ ನನ್ನ ಸಲಹೆ ಒಂದೇ: ಒಯ್ಯಬೇಡಿ. ಸೆಕೆಗೆ ನೊರೆಯೇಳುತ್ತದೆ, ಸೋರಿದರೆ ಪೆಟ್ಟಿಗೆಯ ಜಿಪ್ಪು ಮತ್ತೆ ಸರಿಯುವುದಿಲ್ಲ. ಅಚ್ಚುಬೆಲ್ಲ ಒಯ್ಯಿರಿ.

ಉಳಿದವು ಸುಲಭ. ಹಲಸಿನ ಹಪ್ಪಳ ಅದರ ಅಳತೆಯದೇ ಸ್ಟೀಲ್ ಡಬ್ಬಿಗೆ. ಮುರುಗಲು (ಕೋಕಂ) ಸಿಪ್ಪೆ ಪೂರ್ತಿ ಒಣಗಿದ್ದು ಮಾತ್ರ, ಉಪ್ಪು ಹಾಕಿದ ಹಸಿಬಿಸಿಯದು ಬೇಡ. ಕಾಗದದಷ್ಟು ತೆಳ್ಳಗಿನ ಸಿಹಿ ತೊಡೆದೇವು ಗಟ್ಟಿ ಡಬ್ಬಿಯಲ್ಲಿ, ಮಡಿಲಲ್ಲಿ, ಕೈಚೀಲದಲ್ಲೇ.

ಕಾರವಾರ, ಅಂಕೋಲಾದವರ ಒಣಮೀನಿಗೆ ಮೇಲೆ ಬೈದ ವ್ಯಾಕ್ಯೂಮ್ ಯಂತ್ರವೇ ಸರಿ. ಐರೋಪ್ಯ ಒಕ್ಕೂಟ ಹಾಲು ಮಾಂಸಕ್ಕೆ ಬಾಗಿಲು ಹಾಕಿದರೂ ಮೀನಿನ ವಿಷಯದಲ್ಲಿ ಉದಾರಿ, ಸ್ವಂತ ಬಳಕೆಗೆ 20 ಕಿಲೋ ತನಕ ಬಿಡುತ್ತದೆ. ಕಷ್ಟ ಇರುವುದು ಸುಂಕದ ಕಟ್ಟೆಯಲ್ಲಲ್ಲ, ಬಾಡಿಗೆ ಮನೆಯಲ್ಲಿ. ಒಣಶೆಟ್ಲಿಯನ್ನು (ಒಣ ಸೀಗಡಿ) ಕೆಂಡದ ಮೇಲೆ ಹುರಿಯುವ ಅಭ್ಯಾಸದಲ್ಲಿ ಕಾವಲಿ ಕಾಯಿಸಿದರೆ ಚಾವಣಿಯ ಹೊಗೆ ಗಂಟೆ ಕೂಗುತ್ತದೆ, ಇಡೀ ಕಟ್ಟಡ ಬೀದಿಗಿಳಿಯುತ್ತದೆ. ಊರಿನಲ್ಲೇ ಹುರಿದು, ಆರಿಸಿ, ಪುಡಿ ಮಾಡಿ ಒಯ್ಯಿರಿ.

ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇಳಿಯುವಾಗ ‘ತಿನ್ನುವ ವಸ್ತು ಇದೆಯೇ’ ಎಂಬ ಪ್ರಶ್ನೆಗೆ ಹೌದು ಎಂದೇ ಉತ್ತರಿಸಿ. ಹೌದು ಎಂದವರ ಡಬ್ಬಿ ಹೆಚ್ಚೆಂದರೆ ಕಸದ ಬುಟ್ಟಿಗೆ ಹೋಗುತ್ತದೆ. ಇಲ್ಲ ಎಂದು ಸಿಕ್ಕಿಬಿದ್ದವರು ದಂಡ ತೆರುತ್ತಾರೆ. ‘ಸುಮ್ಮನೆ ಇಲ್ಲ ಅನ್ನು, ಯಾರೂ ನೋಡುವುದಿಲ್ಲ’ ಎಂದು ಹೇಳುವ ನೆಂಟರು ಆ ದಂಡ ಕಟ್ಟುವುದಿಲ್ಲ.

ಮನೆ ಮುಟ್ಟಿದ ಮೇಲೆ ಚೀಲವನ್ನು ಸಿಂಕಿನೊಳಗೇ ಕತ್ತರಿಸಿ, ಒಣ ಗಾಜಿನ ಬಾಟಲಿಗೆ ವರ್ಗಾಯಿಸಿ, ಫ್ರಿಜ್‌ನಲ್ಲಿಡಿ. ಹಂಚಿಕೊಂಡ ಅಡುಗೆಮನೆಯಾದರೆ ಬಾಟಲಿಗೆ ಹೆಸರು ಬರೆಯಿರಿ, ಒಣ ಚಮಚ ಅಲ್ಲೇ ಕಟ್ಟಿಡಿ. ಬೇರೆ ದೇಶದ ಸಹವಾಸಿಗಳು ಮೂಸಿ ಮುಖ ಕಿವುಚಬಹುದು, ಆಂಧ್ರದ ಸಹವಾಸಿ ಒಬ್ಬನಿದ್ದರೆ ವಾರದಲ್ಲಿ ತಳ ಕಾಣುತ್ತದೆ. ಇಷ್ಟೆಲ್ಲ ಮಾಡಿಯೂ ಬಟ್ಟೆಗೆ ತಾಗಿದ್ದರೆ ಮೊದಲು ಪಾತ್ರೆ ತೊಳೆಯುವ ದ್ರವ ಹಚ್ಚಿ ಎಣ್ಣೆ ತೆಗೆಯಿರಿ, ಬಿಸಿನೀರು ಹಾಕಬೇಡಿ. ಉಳಿಯುವ ಅರಿಸಿನದ ಹಳದಿ ಬಿಸಿಲಿಗೆ ಹರವಿದರೆ ಮಾಸುತ್ತದೆ. ನವೆಂಬರಿನಲ್ಲಿ ಜರ್ಮನಿಗೆ ಹೋಗುವವರಿಗೆ ಆ ಬಿಸಿಲು ಸಿಗುವುದು ಕಷ್ಟ, ಬಿಳಿ ಅಂಗಿಗಳನ್ನು ಇನ್ನೊಂದು ಪೆಟ್ಟಿಗೆಗೆ ಹಾಕಿ.