ಜೇಡಿಮಣ್ಣಿನ ಗುಣ ಕೈಯಲ್ಲೇ ತಿಳಿಯುವುದು ಹೇಗೆ?

ಒಂದು ಹಿಡಿ ಜೇಡಿಮಣ್ಣು ಸಿಕ್ಕಿತು ಅಂದುಕೊಳ್ಳಿ. ಅದರ ಬಣ್ಣ ನೋಡಿ ಏನೂ ತೀರ್ಮಾನಿಸಬೇಡಿ. ಕೆಂಪು ಬರುವುದು ಕಬ್ಬಿಣದ ಅಂಶದಿಂದ, ಅಂಟಿಗೂ ಅದಕ್ಕೂ ಸಂಬಂಧವಿಲ್ಲ. ಅಂಟು ಇರುವುದು ಕಣದಲ್ಲಿ. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಚಿಕ್ಕದು, ಹಾಳೆಯ ಹಾಗೆ ಚಪ್ಪಟೆ. ನಡುವೆ ನೀರು ಸೇರಿದರೆ ಈ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ, ಆದರೆ ಕೈಬಿಡುವುದಿಲ್ಲ. ಮಣ್ಣು ನಾವು ಒತ್ತಿದ ಆಕಾರದಲ್ಲೇ ನಿಲ್ಲುವುದು ಹೀಗೆ.

ಮೊದಲು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಪುಡಿಮಣ್ಣು ಹಾಕಿ. ನೀರು ತುಂಬಿ, ಜೋರಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಅದರ ಮೇಲೆ ನುಣ್ಣನೆಯ ಹೂಳು ಕೂರುತ್ತದೆ. ಜೇಡಿ ಮಾತ್ರ ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ತೇಲುತ್ತಿರುತ್ತದೆ. ಅವಸರ ಮಾಡಬೇಡಿ, ಮೇಲಿನ ಪದರ ಎಷ್ಟು ದಪ್ಪ ಎಂಬುದೇ ಉತ್ತರ.

ಆಮೇಲೆ ಮಣ್ಣನ್ನು ಕಲಸಿ, ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಡದಿದ್ದರೆ ಪಾತ್ರೆಗೆ ಆಗುತ್ತದೆ. ಮುರಿದರೆ ಅಂಟು ಸಾಲದು.

ಜನ ಸುಮ್ನೆ ಬಿಟ್ಟುಬಿಡುವ ಹಂತ ಮುಂದಿನದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಅದೇ. ಮಣ್ಣಿನ ಪಟ್ಟಿ ತಟ್ಟಿ, ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆಯಿರಿ. ನೆರಳಲ್ಲಿ ಪೂರ್ತಿ ಒಣಗಿಸಿ ಮತ್ತೆ ಅಳೆಯಿರಿ. ಒಂದು ಮಿಲಿಮೀಟರ್ ಕಡಿಮೆಯಾದರೆ ಶೇ 1ರಷ್ಟು ಕುಗ್ಗಿದೆ ಎಂದರ್ಥ. ಅಂಟು ಹೆಚ್ಚಿದಷ್ಟೂ ಕುಗ್ಗುವುದೂ ಹೆಚ್ಚು, ಒಡೆಯುವ ಭಯವೂ ಹೆಚ್ಚು. ಆಗ ಸಣ್ಣ ಮರಳನ್ನೋ ಸುಟ್ಟ ಮಡಕೆಯ ಪುಡಿಯನ್ನೋ ಬೆರೆಸಿ.

ಕಬ್ಬಿಣ ಇರುವ ಸಾಮಾನ್ಯ ಜೇಡಿ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು ಇಟ್ಟಿಗೆ, ಹೆಂಚು, ಮಡಕೆ ಆಗುತ್ತದೆ. ಬಿಳಿಯ ಕೆಯೋಲಿನ್‌ಗೆ ಆ ಹೆಸರು ಬಂದದ್ದು ಚೀನಾದ ಗಾವೊಲಿಂಗ್‌ನಿಂದ. ಪಿಂಗಾಣಿಯ ಜೀವವೇ ಅದು, ಕಾಗದದ ನುಣುಪಿಗೂ ಅದೇ ಬೇಕು. ಆದರೆ ಅಷ್ಟು ಶುದ್ಧವಾದ ಈ ಮಣ್ಣಿಗೆ ಅಂಟೇ ಕಡಿಮೆ! ಅದಕ್ಕೇ ಅಂಟು ಜಾಸ್ತಿ ಇರುವ ಬಾಲ್ ಕ್ಲೇ ಬೆರೆಸುತ್ತಾರೆ. ಕುಲುಮೆಯ ಒಳಗೋಡೆಗೆ ಬೆಂಕಿಮಣ್ಣು, ಅಂದರೆ ಫೈರ್ ಕ್ಲೇ. 1,500 ಡಿಗ್ರಿ ಬಿಸಿಯಲ್ಲೂ ಅದು ಕರಗುವುದಿಲ್ಲ. ಮುಲ್ತಾನಿ ಮಿಟ್ಟಿ ಎಣ್ಣೆ ಹೀರುತ್ತದೆ. ಹಿಂದೆ ಉಣ್ಣೆಯ ಜಿಡ್ಡು ತೆಗೆಯಲು ಇಂಥ ಮಣ್ಣನ್ನೇ ಬಳಸುತ್ತಿದ್ದರು.

ಬೆಂಟೋನೈಟ್‌ನದು ಬೇರೆಯೇ ಸ್ವಭಾವ. ಜ್ವಾಲಾಮುಖಿಯ ಬೂದಿ ಬದಲಾಗಿ ಹುಟ್ಟುವ ಮಣ್ಣು ಇದು. ಸೋಡಿಯಂ ಇರುವ ಬಗೆಯಂತೂ ನೀರು ಕುಡಿದು ಹತ್ತು ಪಟ್ಟಿಗೂ ಮೀರಿ ಉಬ್ಬಬಲ್ಲದು. ಹಾಗಾಗಿ ತೈಲಬಾವಿ ಕೊರೆಯುವಾಗಲೂ, ಕೊಳದ ತಳದಲ್ಲಿ ನೀರು ಸೋರದಂತೆ ತಡೆಯಲೂ ಇದು ಬೇಕು. ಬರೀ ಇದರಿಂದಲೇ ಪಾತ್ರೆ ಮಾಡಲು ಹೋಗಬೇಡಿ, ಒಣಗುವಾಗಲೇ ಚೂರಾಗುತ್ತದೆ.

ಒಣಗಿದ ಪಟ್ಟಿಯನ್ನು ಎಸೆಯಬೇಡಿ. ಸುಮಾರು 600 ಡಿಗ್ರಿ ದಾಟಿ ಸುಟ್ಟರೆ ಮಾತ್ರ ಅದು ಮತ್ತೆ ಜೇಡಿ ಆಗುವುದಿಲ್ಲ. ಸುಡದಿದ್ದರೆ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಮತ್ತೆ ಕಲಸಿಕೊಳ್ಳಬಹುದು.