ದಾಖಲೆಯಲ್ಲಿ ‘ಆಸ್ಟ್ರಿಯಾ’ ಎಂದಿದ್ದರೆ ಗಾಬರಿಯಾಗಬೇಡಿ

1914ಕ್ಕೆ ಮೊದಲು ಕೆನಡಾಕ್ಕೆ ಬಂದ ಉಕ್ರೇನಿಯನ್ ಪೂರ್ವಿಕರ ಹಳ್ಳಿ ಹುಡುಕುವವರು ಕಾಗದಪತ್ರಗಳಲ್ಲಿ ‘ಉಕ್ರೇನ್’ ಎಂಬ ಹೆಸರನ್ನೇ ಅರಸುತ್ತಾ ಕೂರಬೇಡಿ. ಅವರಲ್ಲಿ ಹೆಚ್ಚಿನವರ ತವರಾದ ಗಲೀಷಿಯಾ, ಬುಕೊವಿನಾ ಪ್ರಾಂತ್ಯಗಳು ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದವು. ಅಲ್ಲಿಯವರನ್ನು ‘ರುಥೇನಿಯನ್’, ‘ಗಲೀಷಿಯನ್’ ಎಂದು ಬರೆದುಕೊಳ್ಳುತ್ತಿದ್ದರು. ಮೊದಲು ಕೆನಡಾದಲ್ಲೇ ಅವರ ಚರ್ಚಿನ ಮದುವೆ ಪುಸ್ತಕ, ಸಮಾಧಿಯ ಕಲ್ಲು ನೋಡಿ. ಜರ್ಮನಿಯ ಹ್ಯಾಂಬರ್ಗ್‌ನಿಂದ ಹಡಗು ಹತ್ತಿದ್ದರೆ ಆ ಬಂದರಿನ ಪಟ್ಟಿಯಲ್ಲಿ ಹೊರಟ ಊರಿನ ಹೆಸರಿರುತ್ತದೆ, ಕಾಗುಣಿತ ಮಾತ್ರ ಗುಮಾಸ್ತನ ಕಿವಿಗೆ ಬಿದ್ದಂತೆ!

ಹೆಸರು ಸಿಕ್ಕಿತೆಂದು ಹಿಗ್ಗಬೇಡಿ. ಒಂದೇ ಹೆಸರಿನ ಹಳ್ಳಿಗಳು ಅಲ್ಲಿ ಹಲವು, ಜಿಲ್ಲೆ ಗೊತ್ತಾಗಲೇಬೇಕು. ಗಲೀಷಿಯಾದವರಾದರೆ ಆಮೇಲೆ ಈಗ ಉಕ್ರೇನಿನಲ್ಲಿರುವ ಲ್ವಿವ್ ನಗರದ ಐತಿಹಾಸಿಕ ದಾಖಲಾಗಾರದಲ್ಲಿರುವ ಗ್ರೀಕ್ ಕ್ಯಾಥೊಲಿಕ್ (ಪೋಪ್ ಅವರನ್ನು ಒಪ್ಪಿದರೂ ಪೂರ್ವದ ಪೂಜಾವಿಧಿ ಅನುಸರಿಸುವ) ಚರ್ಚಿನ ಜನನ ಪುಸ್ತಕಗಳನ್ನು ಹಿಡಿಯಿರಿ. ಹೆಚ್ಚಿನವು ಲ್ಯಾಟಿನ್‌ನಲ್ಲಿವೆ, ಆದರೆ ಮನೆ ಸಂಖ್ಯೆಯ ಅಂಕಣವೂ ಇರುತ್ತದೆ. ಆ ಸಂಖ್ಯೆಯ ಬೆನ್ನು ಹತ್ತಿದರೆ ಮುತ್ತಜ್ಜನ ಒಡಹುಟ್ಟಿದವರೂ ಒಬ್ಬೊಬ್ಬರಾಗಿ ಸಿಗುತ್ತಾರೆ.