ಜಿನುಗಿಗೂ ಸೋರಿಕೆಗೂ ನಡುವೆ ಸಿಕ್ಕಿಕೊಂಡಿದ್ದ ವಾರಂಟಿ

ಕೊನೆಗೂ ಹಣ ಬಂತು. ಹಳೆಯ ಸ್ಪೋರ್ಟ್ಸ್ ಕಾರಿನ ಹಿಂದಿನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಎಂಜಿನ್ನಿನ ಹಿಂತುದಿಯಿಂದ ಹೊರಬರುವಲ್ಲಿ ಎಣ್ಣೆ ತಡೆಯುವ ಬಳೆ) ಸೋರಿದರೆ ವಾರಂಟಿಯವರು ಬಿಡಿಗಾಸೂ ಕೊಡುವುದಿಲ್ಲ ಎಂದು ಗ್ಯಾರೇಜ್ ನಡೆಸುವ ನನ್ನ ಗೆಳೆಯನಿಂದ ಹಿಡಿದು ಕಾರು ಮಾರಿದವನವರೆಗೆ ಎಲ್ಲರೂ ಹೇಳಿದ್ದರು. ಒಟ್ಟು ಬಿಲ್ಲು ನೂರು ಎಂದುಕೊಂಡರೆ ಸುಮಾರು ಎಪ್ಪತ್ತು ಅವರೇ ಕಟ್ಟಿದ್ದಾರೆ. ಇದೇ ಜಾಡಿನಲ್ಲಿ ಇರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ನನ್ನ ಹಿಂದಿನ ಕಾರಿನಲ್ಲೂ ಇದೇ ಸೀಲ್ ಹೋಗಿತ್ತು. ಎಣ್ಣೆ ಕಂಡ ಕೂಡಲೇ ಆತುರಪಟ್ಟು ಗೇರ್‌ಬಾಕ್ಸ್ ಇಳಿಸಿಬಿಟ್ಟೆ, ಆಮೇಲೆ ವಾರಂಟಿಯವರಿಗೆ ಫೋನ್ ಮಾಡಿದೆ. ಬಿಚ್ಚುವ ಮೊದಲು ಒಪ್ಪಿಗೆ ಪಡೆದಿಲ್ಲ ಎಂಬ ಒಂದೇ ಸಾಲಿನಲ್ಲಿ ಅರ್ಜಿ ಬಿದ್ದುಹೋಯಿತು. ಸೀಲಿನ ಬೆಲೆ ಒಂದು ಎಂದಾದರೆ ಅದನ್ನು ಮುಟ್ಟಲು ಬೇಕಾದ ಕೂಲಿ ಮೂವತ್ತು. ಆ ಮೂವತ್ತನ್ನೂ ನಾನೇ ತೆತ್ತೆ. ಅದು ಸಾಲದೆಂಬಂತೆ 600 ಕಿ.ಮೀ. ಓಡಿದ ಮೇಲೆ ಹೊಸ ಸೀಲೂ ಸೋರಿತು. ಹಾಕಿದ್ದು ಟೆಫ್ಲಾನ್ ಲಿಪ್ (ಶಾಫ್ಟಿಗೆ ತಾಗುವ ಅಂಚು) ಇರುವ ಸೀಲ್. ರಬ್ಬರ್ ಸೀಲಿಗೆ ಮಾಡುವಂತೆ ಲಿಪ್ಪಿಗೆ ಎಣ್ಣೆ ಸವರಿ ಕೂರಿಸಿದ್ದೆ. ಟೆಫ್ಲಾನ್ ಒಣಗಿದ ಶಾಫ್ಟಿನ ಮೇಲೆ ಒಣದಾಗಿಯೇ ಕೂರಬೇಕು. ಅದರ ತೆಳುವಾದ ಪದರ ಶಾಫ್ಟಿಗೆ ಅಂಟಿದರೆ ಮಾತ್ರ ಅದು ಎಣ್ಣೆ ಹಿಡಿಯುತ್ತದೆ. ಎರಡನೆಯ ಸಲವೂ ಮೂವತ್ತು ಕೂಲಿ.

ಈ ಸೀಲಿನ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಪೋರ್ಷೆಯ ಎಂ96 ಎಂಜಿನ್, ಅಂದರೆ 986 ಬಾಕ್ಸ್‌ಸ್ಟರ್ ಮತ್ತು 996 ಪೀಳಿಗೆಯ 911 ಕಾರುಗಳದ್ದು. ಅಲ್ಲಿ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಶಾಫ್ಟ್ ಕೂರುವ ಪೆಟ್ಟಿಗೆ) ಎರಡು ಹೋಳು, ಹೋಳುಗಳು ಕೂಡುವ ಗೆರೆ ಸೀಲ್ ಕೂರುವ ಜಾಗವನ್ನೇ ಹಾಯ್ದು ಹೋಗುತ್ತದೆ. ಟೆಫ್ಲಾನ್ ಸೀಲನ್ನು ಎಷ್ಟು ಆಳಕ್ಕೆ ಕೂರಿಸಬೇಕು ಎಂಬ ಶಿಸ್ತನ್ನು ನಾನು ಕಲಿತದ್ದು ಆ ಎಂಜಿನ್ನಿನ ಕೆಲಸ ಮಾಡಿದವರಿಂದ. ಈಗಿನ ನನ್ನ ಕಾರು ಬೇರೆ: ಮುಂದೆ ಎಂಜಿನ್, ಸಾಲಾಗಿ ಆರು ಸಿಲಿಂಡರ್, ಎರಡೇ ಸೀಟು. ಕಂಪನಿಯ ಹೆಸರು ಬೇಡ.

ಕೊಂಡು ನಾಲ್ಕು ತಿಂಗಳಾಗುವಾಗ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದಿಯಿಂದ ಎಣ್ಣೆ ಇಳಿಯತೊಡಗಿತು. ಈ ಸಲ ಸ್ಪ್ಯಾನರ್ ಮುಟ್ಟುವ ಮೊದಲು ಒಪ್ಪಂದದ ಕಾಗದ ಓದಿದೆ. ಬರೀ ತೇವವಾಗುವ ಜಿನುಗಿಗೆ ಹಣವಿಲ್ಲ, ತೊಟ್ಟಿಕ್ಕುವ ಸೋರಿಕೆಗೆ ಉಂಟು. ಗ್ಯಾಸ್ಕೆಟ್‌ಗೆ ಇಲ್ಲ, ಗೇರ್‌ಬಾಕ್ಸ್ ಅಥವಾ ಎಂಜಿನ್ ಇಳಿಸಲೇಬೇಕಾದ ಸೀಲಿಗೆ ಉಂಟು. ಹಾಗಾಗಿ ನಾನು ಸಾಬೀತು ಮಾಡಬೇಕಾದದ್ದು ಎರಡೇ: ಇದು ತೊಟ್ಟಿಕ್ಕುತ್ತಿದೆ, ಮತ್ತು ಇದು ಬರುತ್ತಿರುವುದು ಹಿಂದಿನ ಸೀಲಿನಿಂದಲೇ.

ತೊಟ್ಟಿಕ್ಕುವುದನ್ನು ತೂಕದಲ್ಲಿ ತೋರಿಸಿದೆ. ರಟ್ಟಿನ ಹಾಳೆಯನ್ನು ತೂಗಿ, ಬಿಸಿ ಎಂಜಿನ್ ನಿಲ್ಲಿಸಿದ ಕೂಡಲೇ ಕೆಳಗೆ ಹಾಸಿ, ಬೆಳಿಗ್ಗೆ ಮತ್ತೆ ತೂಗುತ್ತಿದ್ದೆ. ಮೊದಲ ರಾತ್ರಿ 11 ಗ್ರಾಂ, ಮರುದಿನ 9, ದೂರ ಓಡಿಸಿ ಬಂದ ದಿನ 14ರ ಹತ್ತಿರ. ಪ್ರತಿ ರಟ್ಟಿನ ಮೇಲೂ ದಿನಾಂಕ, ಓಡಿದ ಕಿ.ಮೀ., ಪಕ್ಕದಲ್ಲಿ ತಕ್ಕಡಿಯ ಚಿತ್ರ. ಹತ್ತು ರಟ್ಟು ಜೋಡಿಸಿಟ್ಟಾಗ ಗೆಳೆಯ ಮೊದಲ ಸಲ ಸುಮ್ಮನಾದ.

ಎರಡನೆಯದು ಕಷ್ಟದ್ದು. ಸಾಲಾಗಿ ಆರು ಸಿಲಿಂಡರ್ ಇರುವ ಎಂಜಿನ್ನಿನಲ್ಲಿ ವಾಲ್ವ್ ಕವರ್ (ಎಂಜಿನ್ನಿನ ಮೇಲ್ಮುಚ್ಚಳ) ಗ್ಯಾಸ್ಕೆಟ್‌ನ ಹಿಂಬದಿ ಸೋರಿದರೂ ಎಣ್ಣೆ ಬ್ಲಾಕಿನ ಬೆನ್ನ ಮೇಲೆ ಇಳಿದು ಅದೇ ಸಂದಿಗೆ ಬರುತ್ತದೆ. ವಾರಂಟಿಯವರ ಪರಿಶೀಲಕ ಮೊದಲು ಹೇಳುವುದೇ ಇದನ್ನು. ಅದಕ್ಕೆ ಇಡೀ ಹಿಂಭಾಗ ತೊಳೆದು, ಹೊಳೆಯುವ ಬಣ್ಣವನ್ನು ಎಣ್ಣೆಗೆ ಬೆರೆಸಿ 300 ಕಿ.ಮೀ. ಓಡಿಸಿ ಯುವಿ ದೀಪ ಹಿಡಿದೆ. ಮೇಲೆ ಬ್ಲಾಕಿನ ಬೆನ್ನು ಕಪ್ಪಾಗಿ ಒಣಗಿತ್ತು. ಕೆಳಗಿನ ತಪಾಸಣಾ ರಂಧ್ರದೊಳಗೆ ಸಣ್ಣ ಕ್ಯಾಮೆರಾ ತೂರಿಸಿದಾಗ ಫ್ಲೈವೀಲ್‌ನ ಹಿಂದೆ ಕೆಳಮುಖವಾಗಿ ಹಸಿರು ಹಳದಿಯ ನಾಲಗೆ ಹೊಳೆಯುತ್ತಿತ್ತು. ಆ ಒಂದು ಚಿತ್ರ ಹತ್ತು ಪುಟದ ಪತ್ರಕ್ಕೆ ಸಮ.

ನಡುವೆ ಒಂದು ಅಡ್ಡದಾರಿಯ ಪ್ರಯೋಗ. ಸೋರಿಕೆ ನಿಲ್ಲಿಸುವ ದ್ರಾವಣಗಳು ರಬ್ಬರನ್ನು ಉಬ್ಬಿಸುತ್ತವೆ. ಅದನ್ನು ಕಾರಿಗೆ ಸುರಿಯದೆ, ಹಳೆಯ ರಬ್ಬರ್ ಸೀಲ್ ಮತ್ತು ಟೆಫ್ಲಾನ್ ಸೀಲಿನ ಚೂರುಗಳನ್ನು ಒಂದು ಬಾಟಲಿಯಲ್ಲಿ ಮೂರು ವಾರ ಅದ್ದಿಟ್ಟೆ. ರಬ್ಬರ್ ಉಬ್ಬಿ ಮೆತ್ತಗಾಯಿತು, ಉಗುರು ಒತ್ತಿದರೆ ಗುರುತು ಉಳಿಯುತ್ತಿತ್ತು. ಟೆಫ್ಲಾನಿಗೆ ಏನೂ ಆಗಲಿಲ್ಲ. ವಾರಂಟಿ ಇರುವ ಎಂಜಿನ್ನಿಗೆ ಅದನ್ನು ಸುರಿಯಬೇಡಿ. ವಾರಂಟಿಯವರು ಎಣ್ಣೆಯ ಮಾದರಿ ಕೇಳಿದರೆ ನಿಮ್ಮ ಅರ್ಜಿಗೆ ನೀವೇ ಕೊಡಲಿ ಹಾಕಿದಂತೆ.

ಇನ್ನೊಂದು ವಿಷಯವನ್ನು ಅನೇಕರು ಬಿಟ್ಟುಬಿಡುತ್ತಾರೆ. ಸೀಲ್ ಏಕೆ ಹೋಯಿತು? ಡಿಪ್‌ಸ್ಟಿಕ್ ಕೊಳವೆಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿದೆ. ಕ್ರ್ಯಾಂಕ್‌ಕೇಸ್ ಸರಿಯಾಗಿ ಉಸಿರಾಡುತ್ತಿದ್ದರೆ ಐಡಲ್‌ನಲ್ಲಿ ನೀರು ಸ್ವಲ್ಪ ಒಳಕ್ಕೆ ಎಳೆಯಬೇಕು. ನನ್ನದು ಹೊರಕ್ಕೆ ತಳ್ಳುತ್ತಿತ್ತು, ನಿಮಿಷಕ್ಕೆ 3,000 ಸುತ್ತಿನಲ್ಲಿ ಏಳೆಂಟು ಸೆಂ.ಮೀ. ಒಳಗಿನ ಅನಿಲವನ್ನು ಹೊರಬಿಡುವ ಪಿಸಿವಿ ವಾಲ್ವ್ ಮತ್ತು ಅದರ ಕೊಳವೆ ಮಸಿ ಹಿಡಿದು ಮುಚ್ಚಿಹೋಗಿದ್ದವು. ಇದನ್ನು ಬಿಟ್ಟು ಬರೀ ಸೀಲ್ ಬದಲಿಸಿದ್ದರೆ ಒಳಗಿನ ಒತ್ತಡ ಹೊಸದನ್ನೂ ಕೆಡಿಸುತ್ತಿತ್ತು.

ಒಪ್ಪಿಗೆ ಬರಲು ಮೂರು ವಾರ ಹಿಡಿಯಿತು. ಮೊದಲ ಉತ್ತರ ಮಾಮೂಲಿನಂತೆ ನಿರಾಕರಣೆ. ಎರಡನೆಯ ಪತ್ರದಲ್ಲಿ ರಟ್ಟುಗಳ ತೂಕ ಮತ್ತು ದೀಪದ ಚಿತ್ರ ಕಳಿಸಿ, ಅವರದೇ ಕಾಗದದ ಒಂದು ಷರತ್ತನ್ನು ಅವರಿಗೇ ಓದಿ ಹೇಳಿದೆ. ಯಾವ ಷರತ್ತು ಎಂಬುದನ್ನು ನಾನು ಬರೆಯುವುದಿಲ್ಲ. ನಿಮ್ಮ ಕಾಗದದಲ್ಲೂ ಇರಬಹುದು, ಕೂತು ಹುಡುಕಿ.

ಗೇರ್‌ಬಾಕ್ಸ್ ಇಳಿಸಿದ್ದು ಗೆಳೆಯ, ಸೀಲ್ ಕೂರಿಸಿದ್ದು ನಾನು. ಶಾಫ್ಟಿನ ಮೇಲೆ ಹಳೆಯ ಲಿಪ್ ಕೊರೆದ ಗೆರೆ ಉಗುರಿಗೆ ತಾಗುತ್ತಿತ್ತು. ಹೊಸದನ್ನು ಸುಮಾರು ಒಂದೂವರೆ ಮಿ.ಮೀ. ಸರಿಸಿ ಕೂರಿಸಿದೆ, ಈಗ ಲಿಪ್ ನಿಂತಿರುವುದು ನಯವಾದ ಜಾಗದಲ್ಲಿ. ಸುತ್ತಲೂ ಸಮನಾಗಿ ಒತ್ತಲು ನಾನೇ ಒಂದು ಉಪಕರಣ ಕಡೆದುಕೊಂಡಿದ್ದೇನೆ, ನಾಲ್ಕು ಕಡೆ ಅಳೆದರೆ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಅದರ ಅಳತೆ ಸದ್ಯಕ್ಕೆ ನನ್ನಲ್ಲೇ ಇರಲಿ. ಲಿಪ್ ಶಾಫ್ಟಿಗೆ ಹೊಂದಿಕೊಳ್ಳಲಿ ಎಂದು ಕೂರಿಸಿದ ಮೇಲೆ ನಾಲ್ಕು ಗಂಟೆ ಕ್ರ್ಯಾಂಕ್ ತಿರುಗಿಸಲಿಲ್ಲ. ಫ್ಲೈವೀಲ್ ಬೋಲ್ಟುಗಳು ಹೊಸವು, ಎಳೆಗಳಿಗೆ ಸೀಲೆಂಟ್ ಹಚ್ಚಿದೆ. ಅನೇಕ ಎಂಜಿನ್‌ಗಳಲ್ಲಿ ಆ ಎಳೆಗಳಿಂದಲೂ ಎಣ್ಣೆ ಬರುತ್ತದೆ, ಜನ ಸೀಲನ್ನು ಬೈಯುತ್ತಾರೆ.

ಕೂಲಿ ಮತ್ತು ಸೀಲ್ ಅವರದು, ಪಿಸಿವಿ ನನ್ನದು. ಎಣ್ಣೆ ಕುಡಿದು ಹಾಳಾಗಿದ್ದ ಕ್ಲಚ್ ಪ್ಲೇಟನ್ನು ಸವೆತ ಎಂದು ತಳ್ಳಿಹಾಕಿದ್ದರು. ಸೋರಿಕೆಯಿಂದಲೇ ಆದ ಹಾನಿ ಎಂದು ಪಟ್ಟು ಹಿಡಿದು ಅರ್ಧ ಪಡೆದೆ.

ಅದಾಗಿ ಐದು ಸಾವಿರ ಕಿ.ಮೀ. ಆಗಿರಬೇಕು. ಸಂದಿ ಒಣಗಿದೆ, ನೀರಿನ ಟ್ಯೂಬ್ ಒಳಕ್ಕೇ ಎಳೆಯುತ್ತಿದೆ. ಕಳೆದ ವಾರ ಮುಂದಿನ ಕ್ರ್ಯಾಂಕ್ ಸೀಲಿನ ಕೆಳಗೆ ತೇವ ಕಂಡೆ. ವಾರಂಟಿ ಮುಗಿಯಲು ಇನ್ನೂ ಮೂರು ತಿಂಗಳಿದೆ. ನಿನ್ನೆ ರಾತ್ರಿ ರಟ್ಟು ಹಾಸಿದ್ದೇನೆ: 2 ಗ್ರಾಂ.